ವರ್ಷಕ್ಕೆ ಐವತ್ತೆರಡು ನಿಮಿಷ

ನಮ್ಮ ವೈ.ಎನ್.ಹೊಸಕೋಟೆಯಲ್ಲಿ ನೆಟ್‌ವರ್ಕ್ ಬರುವುದು ಹೋಗುವುದಕ್ಕೆ ಯಾರೂ ಎಂದೂ ಲೆಕ್ಕ ಇಟ್ಟವರಲ್ಲ. ಬಂದರೆ ಮಾತಾಡುತ್ತಿದ್ದೆವು, ಹೋದರೆ ಬೈಯುತ್ತಿದ್ದೆವು. ಎರಡಕ್ಕೂ ಸಾಕಷ್ಟು ಸಮಯ ಸಿಗುತ್ತಿತ್ತು. ಈ ನೆಮ್ಮದಿ ಕೆಡಿಸಿದವನು ಅಂಜಿನಮೂರ್ತಿ.

ಬಸ್ ನಿಲ್ದಾಣದ ಹಿಂದೆ ಸದಾ ಬೀಗ ಹಾಕಿದ ಒಂದು ಕೋಣೆ ಇದೆ. ಊರಿನ ಎಲ್ಲರ ಫೋನು, ಇಂಟರ್‌ನೆಟ್ಟು ಆ ಕೋಣೆಯ ಯಂತ್ರಗಳಿಂದ ಗಾಜಿನೆಳೆಯ ಕೇಬಲ್ ಹಿಡಿದು ಹೊರಟು ಹೊರಲೋಕ ಸೇರುತ್ತದೆ. ಅದನ್ನು ನೋಡಿಕೊಳ್ಳುವ ಕೆಲಸ ಅಂಜಿನಮೂರ್ತಿಯದು. ಕೈ ಒಳ್ಳೆಯದು, ನಡುಗುವುದಿಲ್ಲ. ಬಾಯಿಯ ಬಗ್ಗೆ ಅಷ್ಟು ಹೇಳಲಾರೆ. ನನ್ನ ಜೆರಾಕ್ಸ್ ಅಂಗಡಿ ಆ ಕೋಣೆಯ ಎದುರಿಗೇ ಇರುವುದರಿಂದ ಮುಂದೆ ನಡೆದದ್ದಕ್ಕೆಲ್ಲ ನಾನು, ಅಂದರೆ ಲಕ್ಷ್ಮೀಪತಿ, ಬೇಡವೆಂದರೂ ಸಾಕ್ಷಿ.

ಜುಲೈ ತಿಂಗಳಲ್ಲಿ ಕಂಪನಿಯವರು ಅವನನ್ನು ತುಮಕೂರಿಗೆ ಮೂರು ದಿನದ ತರಬೇತಿಗೆ ಕಳಿಸಿದರು. ಯಂತ್ರ ಎಷ್ಟು ದಿನಕ್ಕೊಮ್ಮೆ ಕೆಡಬಹುದೆಂದು ಮೊದಲೇ ಲೆಕ್ಕ ಹಾಕುವುದು ಹೇಗೆ, ಕೆಟ್ಟರೂ ಜನಕ್ಕೆ ಗೊತ್ತಾಗದ ಹಾಗೆ ಜಾಲ ಕಟ್ಟುವುದು ಹೇಗೆ, ಇದು ಪಾಠ. ಅಂಜಿನಮೂರ್ತಿ ಎರಡೂವರೆ ದಿನ ಶ್ರದ್ಧೆಯಿಂದ ಕೂತ. ಮೂರನೆಯ ದಿನ ಮಧ್ಯಾಹ್ನ, 'ಈ ಲೆಕ್ಕ ಎಲ್ಲೆಲ್ಲಿ ತಪ್ಪುತ್ತದೆ' ಎಂಬ ಕೊನೆಯ ಪಾಠದ ಹೊತ್ತಿಗೆ, ಪಾವಗಡದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗುವುದಿಲ್ಲವೆಂದು ಎದ್ದು ಬಂದ. ಸೀಟು ಸಿಕ್ಕಿತು.

ಮರುದಿನ ಬೆಳಿಗ್ಗೆ ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸಲು ನನ್ನ ಅಂಗಡಿಗೆ ಬಂದ. ಪಕ್ಕದ ಹೋಟೆಲಿನ ಗೌರಕ್ಕ ಟೀ ಕೊಡಲು ಬಂದವಳು ಅಲ್ಲೇ ನಿಂತಳು.

"ತೊಂಬತ್ತೊಂಬತ್ತು ಪಾಯಿಂಟ್ ಒಂಬತ್ತೊಂಬತ್ತು ಪರ್ಸೆಂಟು" ಎಂದ ಅಂಜಿನಮೂರ್ತಿ.

"ಯಾರ ಮಗೀಗೆ ಬಂತಪ್ಪಾ ಅಷ್ಟು ಮಾರ್ಕ್ಸು?" ಎಂದಳು ಗೌರಕ್ಕ.

"ಮಾರ್ಕ್ಸಲ್ಲ ಕಣಕ್ಕ, ನಮ್ಮೂರ ನೆಟ್‌ವರ್ಕು. ವರ್ಸಕ್ಕೆ ಐದು ಲಕ್ಷದ ಇಪ್ಪತ್ತೈದು ಸಾವಿರದ ಆರುನೂರು ನಿಮಿಷ. ಅದ್ರಾಗೆ ಹೋಗೋದು ಬರೇ ಐವತ್ತೆರಡು ನಿಮಿಷ. ಲೆಕ್ಕ ಹಾಕಿ ಕಟ್ಟಿರೋದು. ಒಂದು ಕೇಬಲ್ ಪಾವಗಡದ ಕಡೀಗೆ, ಇನ್ನೊಂದು ತಿರುಮಣಿ ಕಡೀಗೆ. ಇದು ಹೋದ್ರೆ ಅದು, ಅದು ಹೋದ್ರೆ ಇದು. ಎರಡೂ ಒಟ್ಟಿಗೆ ಹೋಗೋದು ಅಂದ್ರೆ..." ಅವನು ನಕ್ಕ. ಎರಡೂ ಒಟ್ಟಿಗೆ ಹೋಗುವುದು ನಗುವ ವಿಷಯವೆಂದು ಆ ದಿನ ನಾನೂ ನಂಬಿದೆ.

ಗೌರಕ್ಕ ಮಾತ್ರ ನಗಲಿಲ್ಲ. ಅವಳ ಹೋಟೆಲಿನ ಗೋಡೆಯ ಮೇಲೆ ತೋಟದ ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಬರುವ ವೇಳಾಪಟ್ಟಿ ವರ್ಷಗಳಿಂದ ಇದೆ. ಈ ವಾರ ಹಗಲು ಇಷ್ಟು ಗಂಟೆ, ಮುಂದಿನ ವಾರ ರಾತ್ರಿ ಇಷ್ಟು ಗಂಟೆ. ಯಾವುದೇ ಸರಬರಾಜು ಗಂಟೆ ಗೊತ್ತು ಮಾಡಿಕೊಂಡೇ ಬರುವುದು, ಗಂಟೆ ಗೊತ್ತು ಮಾಡಿಕೊಂಡೇ ಹೋಗುವುದು ಎಂದು ತಿಳಿದು ಬಾಳಿದ ಊರು ನಮ್ಮದು. ಅವಳು ಹೋಗಿ ಆ ಪಟ್ಟಿಯ ಕೆಳಗೆ ಇದ್ದಿಲಿನಲ್ಲಿ '52' ಎಂದು ಬರೆದು, ಮತ್ತೆ ನನ್ನ ಅಂಗಡಿಗೆ ಬಂದು ಕೇಳಿದಳು.

"ನಮ್ಮ ಐವತ್ತೆರಡು ನಿಮಿಷ ಯಾವಾಗ ತೆಗೀತೀಯಪ್ಪಾ?"

ಇಲ್ಲಿ ಅಂಜಿನಮೂರ್ತಿ 'ಅದು ಹಂಗಲ್ಲಕ್ಕ, ಅದು ಬರೀ ಅಂದಾಜು' ಎಂದು ಒಂದು ಮಾತು ಹೇಳಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಹನ್ನೆರಡು ವರ್ಷದ ಸರ್ವಿಸಿನಲ್ಲಿ ಯಾರೂ ಅವನನ್ನು ಇಷ್ಟು ಗೌರವದಿಂದ ಏನನ್ನೂ ಕೇಳಿರಲಿಲ್ಲ. ಅವನು ಸರ್ಟಿಫಿಕೇಟನ್ನು ಒಂದು ಸಲ ಬೆಳಕಿಗೆ ಹಿಡಿದು ನೋಡಿ, "ನೋಡಾಣ" ಎಂದ.

'ನೋಡೋಣ' ಎಂದರೆ ನಮ್ಮ ಕಡೆ 'ಆಗುತ್ತದೆ, ಅರ್ಜಿ ಹಾಕು' ಎಂದು ಅರ್ಥ.

ಮೊದಲ ಅರ್ಜಿ ಪುಷ್ಪಾವತಿಯದು. ಹೊಲಿಗೆ ಹಾಕುವ ಹೆಣ್ಣುಮಗಳು, ನನ್ನ ಅಂಗಡಿಯ ಪಕ್ಕದ ಮನೆ. ಅವಳ ಅತ್ತೆ ಕೊರಟಗೆರೆಯಲ್ಲಿ ದೊಡ್ಡ ಮಗನ ಮನೆಯಲ್ಲಿದ್ದು, ದಿನಾ ಸಂಜೆ ಏಳಕ್ಕೆ ವಿಡಿಯೋ ಕಾಲ್ ಮಾಡಿ ಸಾರಿನ ಪಾತ್ರೆ ತೋರಿಸಲು ಹೇಳಿ ತಪ್ಪು ಹುಡುಕುತ್ತಿದ್ದಳು, ಹುಳಿಯಾದರೆ ಇನ್ನೂ ಹೆಚ್ಚು.

"ಅಣ್ಣಾ, ಏಳು ಗಂಟೆಗೆ ಒಂದತ್ತು ನಿಮಿಷ ತೆಗಿ. ದಿನಾ ಬ್ಯಾಡ, ಹುಳಿ ಮಾಡಿದ ದಿನ ಸಾಕು."

ಎರಡನೆಯದು ಹೆಡ್‌ಮೇಷ್ಟ್ರು ನಾಗಲಿಂಗಯ್ಯನವರದು. ಪ್ರತಿ ಶನಿವಾರ ಮೇಲಧಿಕಾರಿಗಳು ವಿಡಿಯೋದಲ್ಲಿ ಸಭೆ ನಡೆಸುತ್ತಿದ್ದರು. ಮೇಷ್ಟ್ರು ಎಲ್ಲರಿಗಿಂತ ಘನವಾಗಿ, "ಅಂಜಿನಮೂರ್ತಿ, ಒಟ್ಟು ಐವತ್ತೆರಡನ್ನೂ ಶಿಕ್ಷಣ ಇಲಾಖೆಗೆ ಮೀಸಲಿಟ್ಟರೆ ಸಮಾಜಕ್ಕೆ ಒಳ್ಳೇದು" ಎಂದರು.

ಅಂಜಿನಮೂರ್ತಿ ಒಂದು ನೋಟ್‌ಬುಕ್ ಕೊಂಡು (ನನ್ನ ಅಂಗಡಿಯಲ್ಲೇ) ಎಲ್ಲರ ಹೆಸರು, ವಾರ, ಗಂಟೆ ಬರೆದುಕೊಂಡ. ಕೊಡುವ ಉದ್ದೇಶವಿರಲಿಲ್ಲ, ಕೊಡಲು ಬರುತ್ತಲೂ ಇರಲಿಲ್ಲ. ಬರೆದುಕೊಳ್ಳುವುದರಲ್ಲೇ ಒಂದು ಹಿತವಿತ್ತು. ಅಷ್ಟರಲ್ಲಿ ಆಗಸ್ಟಿನ ಒಂದು ಶನಿವಾರ, ಕರೆಂಟು ಹೋಗಿ ಬ್ಯಾಟರಿಗೆ ಬದಲಾಗುವಾಗ ಯಂತ್ರ ಮುಷ್ಕರ ಹೂಡಿ, ಸರಿಯಾಗಿ ಮೇಷ್ಟ್ರ ಸಭೆಯ ಹೊತ್ತಿಗೆ ನೆಟ್‌ವರ್ಕ್ ಹೋಯಿತು. ಇಪ್ಪತ್ತು ನಿಮಿಷ. ಸೋಮವಾರ ಬೆಳಿಗ್ಗೆ ಮೇಷ್ಟ್ರು ಒಂದು ಗೊನೆ ಬಾಳೆಹಣ್ಣು ಕಳಿಸಿದರು. ಅಂಜಿನಮೂರ್ತಿ ನಾಚಿಕೆಯಿಲ್ಲದೆ ತಿಂದು, ಮೇಷ್ಟ್ರ ಹೆಸರಿನ ಮುಂದೆ ಒಂದು ಟಿಕ್ ಹಾಕಿದ.

ಗೌರಕ್ಕನ ಗೋಡೆಯ ಲೆಕ್ಕ ಬೆಳೆಯುತ್ತಾ ಬಂತು. ನವೆಂಬರ್ ಹೊತ್ತಿಗೆ ನಲವತ್ತೊಂದು ನಿಮಿಷ ಖರ್ಚು, ಹನ್ನೊಂದು ಬಾಕಿ. ಅಂಜಿನಮೂರ್ತಿ ನುಡಿದ ಭವಿಷ್ಯ ಹೀಗೆ ಗಡಿಯಾರದಂತೆ ನಡೆಯುತ್ತಿರುವುದನ್ನು ಕಂಡು ಎಲ್ಲರಿಗಿಂತ ಹೆಚ್ಚು ಆಶ್ಚರ್ಯಪಟ್ಟವನು ಅಂಜಿನಮೂರ್ತಿಯೇ.

ಆಗ ಬಂದರು ಅವನ ಮಾವ ದಾಸಯ್ಯ, ಹುಲಿಕುಂಟೆಯಿಂದ ಮಗಳ ಮನೆಗೆ. ಮೂವತ್ತೈದು ವರ್ಷ ಟೆಲಿಫೋನ್ ಕಂಬ ಹತ್ತಿದ ಲೈನ್‌ಮನ್. ಸಣಕಲು ಆಸಾಮಿ, ಕಡಿಮೆ ಮಾತು. ಕೆಲಸಕ್ಕೆ ಸೇರಿದ ವರ್ಷವೇ ಕಂಬದಿಂದ ಬಿದ್ದು ಎಡಗೈ ಕಿರುಬೆರಳು ಸೊಟ್ಟಗಾಗಿ, ಅಂದಿನಿಂದ ಮಡಚಲು ಬಾರದೆ ನಿಮಿರಿಕೊಂಡೇ ಇತ್ತು. ಟೀ ಲೋಟ ಹಿಡಿದರೆ ಆ ಬೆರಳೊಂದು ದೂರ ನಿಲ್ಲುತ್ತಿತ್ತು.

"ಏಂ ದಾಸಣ್ಣಾ, ಆ ಬೆರಳಿಗೆ ಬ್ಯಾರೆ ಲೋಟ ಇಡ್ಲಾ?" ಎಂದು ಗೌರಕ್ಕ ಚುಡಾಯಿಸುತ್ತಿದ್ದಳು.

"ಅದು ಕೆಲ್ಸಗಳ್ಳ ಕಣಕ್ಕ. ಮೂವತ್ತೈದು ವರ್ಸ ಸಂಬಳ ತಗಂಡೈತೆ, ಒಂದು ತಂತಿ ಎಳೆದಿಲ್ಲ" ಎನ್ನುತ್ತಿದ್ದರು ದಾಸಯ್ಯ.

ಪಿಂಚಣಿ ತೆಗೆದುಕೊಳ್ಳುವವರು ನವೆಂಬರ್ ಮುಗಿಯುವುದರೊಳಗೆ ತಾವು ಬದುಕಿದ್ದೇವೆಂದು ತೋರಿಸಬೇಕು. ದಾಸಯ್ಯನವರು ವರ್ಷವೂ ಸಿರಾದ ಬ್ಯಾಂಕಿಗೆ ಹೋಗಿ ಎದುರು ನಿಂತು ರುಜು ಹಾಕಿ ಬರುತ್ತಿದ್ದರು. ಈ ಸಲ ಹೊರಡುವಾಗ ಅಳಿಯ ಬಾಗಿಲಿಗೆ ಅಡ್ಡ ನಿಂತ.

"ಸಿರಾಕ್ಕೆ ಯಾಕ್ ಮಾವ? ಲಕ್ಷ್ಮೀಪತಿ ಅಂಗಡೀಲೆ ಬೆರಳು ಒತ್ತೋ ಮಿಷನ್ ಐತೆ. ನಮ್ಮ ನೆಟ್‌ವರ್ಕ್ ತೊಂಬತ್ತೊಂಬತ್ತು ಪಾಯಿಂಟ್..."

"ಗೊತ್ತು ಬುಡಪ್ಪ, ಗೋಡೆ ಮ್ಯಾಲೆ ಓದ್ದೆ. ಹಂಗಾರೆ ಇವತ್ತೇ ಒತ್ತಾನ."

"ಇವತ್ತು ಬ್ಯಾಡ. ಮೂವತ್ತನೇ ತಾರೀಖು ಮಧುಗಿರಿಯಿಂದ ನಮ್ಮ ಸಾಹೇಬ್ರು ಇನ್‌ಸ್ಪೆಕ್ಷನ್‌ಗೆ ಬರ್ತಾವ್ರೆ. ಅವರ ಎದುರಿಗೇ ಒತ್ತಿ. ಕೊನೇ ದಿನ ತಂಕ ಕಾದ್ರೂ ನಮ್ಮ ನೆಟ್‌ವರ್ಕ್ ಕೈ ಕೊಡಲ್ಲ ಅಂತ ಅವರೂ ನೋಡ್ಲಿ."

ಅವನ ಹೆಂಡತಿ ವನಜಾಕ್ಷಿ ಒಳಗಿನಿಂದ ಬಂದಳು. "ನಿನ್ನ ಮಿಷನ್ ಪರೀಕ್ಷೆ ಮಾಡಾಕೆ ನಮ್ಮಪ್ಪನೇ ಬೇಕಾಯ್ತಾ? ಕೊರಟಗೆರೆ ಕಡೆಯೋರೊಬ್ರು ಕಾಗದದಾಗೆ ಸತ್ತು, ಮತ್ತೆ ಬದುಕಾಕೆ ನಾಕು ತಿಂಗಳು ಅಲೆದ್ರಂತೆ. ಅಪ್ಪಂಗೆ ಹಂಗೇನಾರ ಆದ್ರೆ ನೀನು ಈ ಮನೇಗೆ ಬರಬ್ಯಾಡ. ಆ ಬೀಗದ ಕೋಣೇಲೇ ಇರು."

ದಾಸಯ್ಯ ಅಳಿಯನ ಮುಖ ನೋಡಿದರು. ಪಾಪ ಎನ್ನಿಸಿರಬೇಕು, ಒಪ್ಪಿದರು. ಅಳಿಯ ಖುಷಿಯಿಂದ ಜಾಲದ ನಕ್ಷೆ ಬಿಡಿಸಿ ತೋರಿಸಿದ. ಒಂದು ಗೆರೆ ಎಡಕ್ಕೆ, ಒಂದು ಗೆರೆ ಬಲಕ್ಕೆ, ಮಧ್ಯೆ ನಮ್ಮೂರು. ಮುದುಕರು ಬಹಳ ಹೊತ್ತು ನೋಡಿ, ಒಂದೇ ಪ್ರಶ್ನೆ ಕೇಳಿದರು.

"ಎರಡೂ ಹಳ್ಳ ಎಲ್ಲಿ ದಾಟ್ತಾವೆ?"

"ಮ್ಯಾಪ್‌ನಾಗೆ ಹಳ್ಳ ಇಲ್ಲ ಮಾವ" ಎಂದು ಅಂಜಿನಮೂರ್ತಿ ನಕ್ಷೆ ಮಡಚಿದ.

ಮೂವತ್ತನೆಯ ತಾರೀಖು ನನ್ನ ಅಂಗಡಿ ಮುಂದೆ ನಿಲ್ಲಲು ಜಾಗವಿರಲಿಲ್ಲ. ಸಾಹೇಬರು ಎಂದರೆ ಪ್ರಭುದೇವ್ ಎಂಬ ಯುವಕ, ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಲ್ಯಾಪ್‌ಟಾಪು. ದಾಸಯ್ಯ ಬಿಳಿ ಪಂಚೆ ಉಟ್ಟು ನನ್ನ ಮೇಜಿನ ಮುಂದೆ ಕುಳಿತರು. ಬ್ಯಾಂಕಿನವರು ನನ್ನ ಅಂಗಡಿಯಲ್ಲಿ ಅಂಟಿಸಿದ್ದ ಚೀಟಿಯ ಪ್ರಕಾರ ಸಂಜೆ ಆರರವರೆಗೆ ಅವಕಾಶ. ಗಡಿಯಾರದಲ್ಲಿ ಹನ್ನೊಂದು ಹತ್ತು. ನಾನು ಕಂಪ್ಯೂಟರಿನಲ್ಲಿ ಅವರ ಹೆಸರು ಬರೆದು, ಬೆರಳಿಡಿ ಎಂದು ಬಾಯಿ ತೆರೆದೆ. ನೆಟ್‌ವರ್ಕ್ ಹೋಯಿತು.

ಅಂಜಿನಮೂರ್ತಿ ಮುಗುಳ್ನಕ್ಕ. "ಈಗ ನೋಡಿ ಸಾರ್. ಇನ್ನೊಂದು ಕೇಬಲ್‌ಗೆ ತಾನೇ ಬದಲಾಗ್ತದೆ. ಕಣ್ಣು ರೆಪ್ಪೆ ಹೊಡಿಯೋದ್ರೊಳಗೆ."

ಎಲ್ಲರೂ ರೆಪ್ಪೆ ಹೊಡೆದೆವು. ಬಹಳ ಸಲ ಹೊಡೆದೆವು.

ಜನ ಮಾತ್ರ ಗಾಬರಿಯಾಗಲಿಲ್ಲ. "ಬಾಕಿ ಹನ್ನೊಂದು ನಿಮಿಷ ತೀರಿಸ್ತಾವ್ನೆ, ತೀರಿಸ್ಲಿ ಬುಡು" ಎಂದು ಗೌರಕ್ಕ ಎಲ್ಲರಿಗೂ ಟೀ ಹಂಚಿದಳು. ಹನ್ನೊಂದನೆಯ ನಿಮಿಷ ಮುಗಿಯಿತು. ಹನ್ನೆರಡನೆಯದು ಹುಟ್ಟಿದ ಕೂಡಲೇ ಅವಳು ಲೋಟ ಕೆಳಗಿಟ್ಟಳು.

"ಅಯಿಪೋಯಿಂದಿ! ಮುಗೀತು ನಿನ್ನ ಕೋಟಾ. ಈಗ ಹೋಗಿರೋದು ಯಾರ ಲೆಕ್ಕ?"

ಆಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ನಾಗಲಿಂಗಯ್ಯನವರು ಪುಷ್ಪಾವತಿಯ ಕಡೆ ಬೆರಳು ತೋರಿಸಿದರು. ಅವಳು ಸಿಡಿದೆದ್ದಳು. "ನಾನು ಕೇಳಿದ್ದು ಸಂಜೆ ಏಳಕ್ಕೆ ಸಾ! ಅದೂ ಹುಳಿ ಮಾಡಿದ ದಿನ! ಇವತ್ತು ಬರೀ ಬಸ್ಸಾರು. ನೀವೇ ಬಾಳೆಗೊನೆ ಕೊಟ್ಟು ಊರಿನ ನಿಮಿಷ ಎಲ್ಲಾ ತಿಂದಿದ್ದು!"

"ಒಂದು ನಿಮಿಷ" ಎಂದ ಪ್ರಭುದೇವ್. ಇನ್ನೂ ಒಂದು ನಿಮಿಷವೇ ಎಂದು ಜನ ಗೊಣಗಿದರು. "ಯಾರು ಯಾರನ್ನ ಏನು ಕೇಳಿದ್ದು? ಮೂರ್ತಿ, ಇವರೆಲ್ಲ ಏನು ಹೇಳ್ತಿದಾರೆ?"

ಅಂಜಿನಮೂರ್ತಿಯ ಕೈ ತನಗೆ ತಿಳಿಯದೆಯೇ ಜೇಬಿನ ಮೇಲೆ ಹೋಯಿತು. ಪ್ರಭುದೇವ್ ನೋಟ್‌ಬುಕ್ ಎಳೆದುಕೊಂಡು ಗಟ್ಟಿಯಾಗಿ ಓದಿದ.

"'ಪುಷ್ಪಾವತಿ, ಸಂಜೆ ಏಳು, ಹತ್ತು ನಿಮಿಷ, ಹುಳಿ.' ಹುಳಿ ಅಂದ್ರೇನ್ರಿ, ಕೋಡ್‌ವರ್ಡಾ? 'ನಾಗಲಿಂಗಯ್ಯ ಮೇಷ್ಟ್ರು, ಶನಿವಾರ, ಪೂರ್ತಿ.' ಮುಂದೆ ಟಿಕ್ ಹಾಕಿದೆ. ಅಂದ್ರೆ ಇವರಿಗೆ ಸಪ್ಲೈ ಆಗಿದೆಯಾ? ಬಾಳೆಹಣ್ಣು ತಗೊಂಡು ನೆಟ್‌ವರ್ಕ್ ಆಫ್ ಮಾಡ್ತೀರಾ ನೀವು? ನಾನು ಇದನ್ನ ರಿಪೋರ್ಟ್ ಮಾಡ್ಲೇಬೇಕು. ನಿಮ್ಮ ಕೆಲಸ..."

"ಮಾಡಿಲ್ಲ ಸಾರ್! ನನಗೆ ಆಫ್ ಮಾಡಾಕೆ ಬರಾಕಿಲ್ಲ ಸಾರ್!" ಎಂದು ಅಂಜಿನಮೂರ್ತಿ ಕೂಗಿದ. ಜನರೆಲ್ಲ ಬೆಚ್ಚಿದರು. ನಾಲ್ಕು ತಿಂಗಳು ಅರ್ಜಿ ಕೊಟ್ಟ ಕಚೇರಿಗೆ ಅಧಿಕಾರವೇ ಇರಲಿಲ್ಲವೆಂದು ತಿಳಿದರೆ ಯಾರಿಗಾದರೂ ನೋವಾಗುತ್ತದೆ. ಮೇಷ್ಟ್ರಂತೂ ಬಾಳೆಗೊನೆ ನೆನೆದು ಕಣ್ಣು ಮುಚ್ಚಿಕೊಂಡರು.

ವನಜಾಕ್ಷಿ ಸೆರಗು ಬಿಗಿದು ಮುಂದೆ ಬಂದಳು. "ಅವನ ಕೆಲ್ಸ ಹೋದ್ರೆ ಹೋಗ್ಲಿ ಸಾ. ನಮ್ಮಪ್ಪ ಸಂಜೆ ಆರಕ್ಕೆ ಸಾಯ್ತಾನೆ. ಬೆಳಗಿನ ಸಿರಾ ಬಸ್ಸು ಹೋಗಾಯ್ತು, ಮುಂದಿನದು ಹತ್ತಿದ್ರೂ ಬ್ಯಾಂಕು ಮುಚ್ಚೋದ್ರೊಳಗೆ ಹೋಗಾಕಾಗಲ್ಲ. ಏನಾರ ಮಾಡಿ."

ಪ್ರಭುದೇವ್ ಫೋನ್ ತೆಗೆದು ಮಧುಗಿರಿಗೆ ಹಚ್ಚಲು ಹೋದ. ಹಚ್ಚಲು ನೆಟ್‌ವರ್ಕ್ ಇಲ್ಲದಿರುವುದು ಆಗ ಅವನಿಗೂ ಹೊಳೆಯಿತು. ಅಷ್ಟರಲ್ಲಿ ದಾಸಯ್ಯ, ಕೂತಲ್ಲಿಂದಲೇ, "ಮೋರಿ ನೋಡ್ರಪ್ಪಾ" ಎಂದರು.

ಊರ ಹೊರಗಿನ ಹಳ್ಳಕ್ಕೆ ಒಂದೇ ಮೋರಿ. ಪಾವಗಡದ ರಸ್ತೆ, ತಿರುಮಣಿ ರಸ್ತೆ ಎರಡೂ ಅದನ್ನು ದಾಟಿದ ಮೇಲೆಯೇ ಕವಲೊಡೆಯುವುದು. ನಾವೆಲ್ಲ ಹೋಗಿ ನೋಡಿದರೆ ಮೋರಿ ರಿಪೇರಿಗೆ ಬಂದ ಜೆಸಿಬಿಯ ಹಲ್ಲಿಗೆ ಎರಡು ಕಿತ್ತಳೆ ಬಣ್ಣದ ಕೇಬಲ್ ಪೈಪು ಜೋತುಬಿದ್ದಿದ್ದವು. ಡ್ರೈವರು ಇಳಿದು ಬಂದು ಕೈ ಮುಗಿದ. "ಎರಡೂ ಒಂದೇ ಗುಂಡೀಲಿ ಜೊತೇಲೇ ಮಲಗಿದ್ವು ಸಾರ್. ಎರಡು ಊರಿಗೆ ಹೋಗೋವು ಅಂತ ನಂಗೇನ್ ಗೊತ್ತು?"

ಕೇಬಲ್ ಹಾಕಿದವರಿಗೆ ಎರಡು ಗುಂಡಿ ತೋಡುವುದಕ್ಕಿಂತ ಒಂದು ತೋಡುವುದು ಸುಲಭವಾಗಿತ್ತು. ನಕ್ಷೆಯಲ್ಲಿ ಎಡಕ್ಕೊಂದು ಬಲಕ್ಕೊಂದು ಹೊರಟ ಗೆರೆಗಳು ನೆಲದೊಳಗೆ ಮೊದಲ ಅರ್ಧ ಮೈಲಿ ಕೈ ಹಿಡಿದುಕೊಂಡೇ ನಡೆದಿದ್ದವು. ಅಂಜಿನಮೂರ್ತಿ ಮೋರಿಯ ಕಟ್ಟೆಯ ಮೇಲೆ ಕುಸಿದು ಕೂತ.

"ಮಾವ, ನೀವು ಅವತ್ತೇ ಕೇಳಿದ್ರಿ."

"ಕೇಳ್ದೆ. ಈಗ ಎದ್ದೇಳು. ಬೆಸುಗೆ ಪೆಟ್ಟಿಗೆ ತತ್ತಾ."

ಇದನ್ನು ಮಾತ್ರ ತಮಾಷೆಯಿಲ್ಲದೆ ಹೇಳುತ್ತೇನೆ. ಅಂಜಿನಮೂರ್ತಿ ಆ ಬಿಸಿಲಿನಲ್ಲಿ ಮಂಡಿಯೂರಿ, ಕೂದಲಿಗಿಂತ ಸಣ್ಣ ಗಾಜಿನೆಳೆಗಳನ್ನು ಒಂದೊಂದಾಗಿ ಒರೆಸಿ, ಕತ್ತರಿಸಿ, ಸೇರಿಸುತ್ತಾ ಹೋದ. ಗೌರಕ್ಕ ಕೊಡೆ ಹಿಡಿದಳು. ಪ್ರಭುದೇವ್ ಇಸ್ತ್ರಿ ಅಂಗಿಯಲ್ಲೇ ಮಣ್ಣಿನ ಮೇಲೆ ಕೂತು ಪೈಪು ಹಿಡಿದ. ದಾಸಯ್ಯ ಅಳಿಯನ ಕೈಯನ್ನೇ ನೋಡುತ್ತಿದ್ದರು. "ನಾವು ಹಲ್ಲಾಗೆ ತಂತಿ ಸುಲಿತಿದ್ವಿ. ಇವ್ನ ಕೈ ನೋಡು, ಒಂದು ಚೂರು ಅಲ್ಲಾಡಲ್ಲ" ಎಂದು ನನಗೆ ಮೆಲ್ಲಗೆ ಹೇಳಿದರು. ಅವರಿಗೆ ಹೆಮ್ಮೆಯಾಗಿತ್ತು, ನನಗೂ.

ನಾಲ್ಕು ಐವತ್ತಕ್ಕೆ ನೆಟ್‌ವರ್ಕ್ ಬಂತು. ಮುನ್ನೂರ ನಲವತ್ತು ನಿಮಿಷ. ಗೌರಕ್ಕ ಬೆರಳೆಣಿಸಿ, "ಹಂಗಾರೆ ಇನ್ನ ಆರು ವರ್ಸದ್ದು ಅಡ್ವಾನ್ಸ್ ಹೋತು. ಅಲ್ಲೀತಂಕ ಒಂದು ನಿಮಿಷಾನೂ ತೆಗೆಯಂಗಿಲ್ಲ" ಎಂದು ತೀರ್ಪು ಕೊಟ್ಟಳು. ಎಲ್ಲರೂ ಅಂಗಡಿಗೆ ಓಡಿದೆವು.

ದಾಸಯ್ಯ ಬಲಗೈ ಹೆಬ್ಬೆರಳು ಇಟ್ಟರು. ಯಂತ್ರ ಕೆಂಪು ದೀಪ ತೋರಿಸಿತು. ಬೆರಳು ಹೊಂದುತ್ತಿಲ್ಲ. ಪಂಚೆಗೆ ಒರೆಸಿಕೊಂಡು ಮತ್ತೆ ಇಟ್ಟರು. ಕೆಂಪು. ನಾನು ಬೆರಳು ಹಿಡಿದು ನೋಡಿದೆ. ಮೂವತ್ತೈದು ವರ್ಷ ತಾಮ್ರದ ತಂತಿ ಎಳೆದ ಬೆರಳಿನಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ.

"ಗಾಬರಿ ಬ್ಯಾಡ, ಇನ್ನೂ ಒಂಬತ್ತು ಐತೆ!" ಎಂದ ಅಂಜಿನಮೂರ್ತಿ. ಎಡ ಹೆಬ್ಬೆರಳು ಕೆಂಪು. ತೋರುಬೆರಳುಗಳು ಕೆಂಪು. ಬಲಗೈ ಮುಗಿಯಿತು, ಎಡಗೈಯೂ ಮುಗಿಯಿತೆಂದುಕೊಂಡೆವು. ಪ್ರತಿ ಬೆರಳಿಗೂ ಐದೈದು ಸಲ ಪ್ರಯತ್ನಿಸಿ, ಕೈ ತೊಳೆಸಿ, ಎಣ್ಣೆ ಸವರಿ, ಮತ್ತೆ ಒರೆಸಿ, ಗಡಿಯಾರ ಐದು ಮುಕ್ಕಾಲಾಯಿತು. ವನಜಾಕ್ಷಿ ಅಪ್ಪನ ಭುಜ ಹಿಡಿದು ಅಳತೊಡಗಿದಳು. ಮುದುಕರು ತಮ್ಮ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು, "ಎಲ್ಲಾ ಅಲ್ಲೇ ಬುಟ್ ಬಂದಿವ್ನಿ, ಕಂಬದ ಮ್ಯಾಲೆ" ಎಂದರು.

ಅಂಜಿನಮೂರ್ತಿ ಆ ಕೈಗಳನ್ನು, ಬೆಳಿಗ್ಗೆ ಪೈಪುಗಳನ್ನು ನೋಡಿದ ಹಾಗೆಯೇ, ನೋಡುತ್ತಿದ್ದ. ತುಮಕೂರಿನಲ್ಲಿ ಬಿಟ್ಟು ಬಂದ ಪಾಠ ಅವನಿಗೆ ಆಗ ತಲುಪಿತೆಂದು ನನ್ನ ಊಹೆ.

"ಹತ್ತು ಬೆರಳಿದ್ದು ಏನ್ ಬಂತು ಮಾವ, ಎಲ್ಲಾ ಒಂದೇ ಕೆಲ್ಸ ಮಾಡಿ ಒಂದೇ ಮೋರಿ ಮ್ಯಾಲೆ ಹೋಗ್ಯಾವೆ" ಎಂದ. ಆಮೇಲೆ ತಟ್ಟನೆ ತಲೆಯೆತ್ತಿದ. "ಮಾವ! ಆ ಕೆಲ್ಸಗಳ್ಳ ಎಲ್ಲಿ?"

ಯಾರಿಗೂ ನೆನಪೇ ಆಗಿರಲಿಲ್ಲ. ಆ ಸೊಟ್ಟ ಬೆರಳು ಲೆಕ್ಕಕ್ಕೇ ಬಂದಿರಲಿಲ್ಲ. ದಾಸಯ್ಯ ಎಡಗೈಯನ್ನು ಪೂರ್ತಿ ತಿರುಚಿ, ಮೊಣಕೈ ಮೇಲೆತ್ತಿ, ಕಿರುಬೆರಳನ್ನು ಗಾಜಿಗೆ ಒತ್ತಿದರು. ಐದು ಐವತ್ತಾರು.

ಹಸಿರು.

ಪ್ರಿಂಟರಿನಿಂದ ದಾಸಯ್ಯ ಬದುಕಿರುವ ಕಾಗದ ಹೊರಬಂತು. ಮೊದಲು ಕುಣಿದವರು ನಾಗಲಿಂಗಯ್ಯ ಮೇಷ್ಟ್ರು. ವನಜಾಕ್ಷಿ ಅಪ್ಪನ ಆ ಬೆರಳನ್ನು ಕಣ್ಣಿಗೊತ್ತಿಕೊಂಡು, ಗಂಡನ ಕಡೆ ತಿರುಗಿ, "ಮನೇಗೆ ಬಾ, ಐತೆ ನಿಂಗೆ" ಎಂದಳು. ಮನೆಗೆ ಕರೆದಳಲ್ಲ ಎಂದು ಅಂಜಿನಮೂರ್ತಿ ಅಷ್ಟಕ್ಕೇ ಕಣ್ಣೊರೆಸಿಕೊಂಡ. ಗೌರಕ್ಕ ಒಂದು ಪುಟ್ಟ ಲೋಟದಲ್ಲಿ ಬೇರೆ ಟೀ ತಂದು ಕಿರುಬೆರಳಿನ ಮುಂದೆ ಇಟ್ಟಳು.

ಪ್ರಭುದೇವ್ ನೋಟ್‌ಬುಕ್ ಹಿಂದಕ್ಕೆ ಕೊಟ್ಟ. ರಿಪೋರ್ಟಿನಲ್ಲಿ ಏನು ಬರೆಯಲಿ ಎಂದು ಅವನು ಕೇಳಿದಾಗ ಅಂಜಿನಮೂರ್ತಿ ಮೊದಲ ಸಲ ಪರ್ಸೆಂಟು ಹೇಳಲಿಲ್ಲ. "ಒಂದು ಕೇಬಲ್ನ ಮೋರಿ ಬುಟ್ಟು, ಮ್ಯಾಲ್ಗಡೆ ಬಂಡೆ ಸುತ್ತಿ ಸೊಟ್ಟಗೆ ಹಾಕ್ಬೇಕು ಸಾರ್, ಅಂತ ಬರೀರಿ" ಎಂದ.

ಎರಡು ತಿಂಗಳಲ್ಲಿ ಹಾಗೇ ಹಾಕಿದರು. ಕಂಪನಿಯ ನಕ್ಷೆಯಲ್ಲಿ ಈಗ ಹಳ್ಳವೂ ಇದೆ, ಅದರಿಂದ ದೂರ ನಿಂತ ಆ ಗೆರೆಗೆ 'ಕಿರುಬೆರಳು' ಎಂದು ಹೆಸರೂ ಇದೆ. ಕಳೆದ ತಿಂಗಳು ಅದೇ ಜೆಸಿಬಿ ಬಂದು ಅದೇ ಮೋರಿಯನ್ನು ಮತ್ತೆ ಅಗೆದು ಅಲ್ಲಿದ್ದ ಕೇಬಲ್ಲನ್ನು ಮತ್ತೆ ಕಿತ್ತಿತು. ಊರಿನಲ್ಲಿ ಯಾರ ಫೋನೂ ನಿಲ್ಲಲಿಲ್ಲ.

ಆ ಸಂಜೆ ಏಳು ಗಂಟೆಗೆ ಪುಷ್ಪಾವತಿ ಕೈಯಲ್ಲಿ ಸೌಟು ಹಿಡಿದು ಬೀಗದ ಕೋಣೆಯ ಮುಂದೆ ನಿಂತಿದ್ದಳು. ಅತ್ತ ಅವಳ ಮನೆಯಲ್ಲಿ ಅತ್ತೆಯ ಕರೆಗೆ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.

"ಅಣ್ಣಾ, ಇವತ್ತು ಹುಳಿ" ಎಂದಳು. "ನಂದು ಹತ್ತು ನಿಮಿಷ ಇನ್ನೂ ಬಾಕಿ ಐತೆ."